ಶನಿವಾರದ ಚರ್ಚಿಗೆ ಭಾನುವಾರ ಹೋದವರು

ಕ್ರಿಸ್ಮಸ್ ಕಳೆದ ಐದನೇ ದಿನ, ಬುಧವಾರ ಸಂಜೆ ನಾಲ್ಕಕ್ಕೆ, ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿಗೆ ಬೀಗ ಹಾಕಿ ನಾವು ವಿದೇಶ ಪ್ರವಾಸಕ್ಕೆ ಹೊರಟೆವು. ನಾವೆಂದರೆ ನಾನು, ಸೈನ್ಯದಿಂದ ನಿವೃತ್ತರಾಗಿ ಗುರ್‌ಗಾಂವ್‌ನ ಒಂದು ಆಫೀಸಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿರುವ ನನ್ನ ಗಂಡ ಜಯರಾಜ್, ಎಪ್ಪತ್ತು ದಾಟಿದ ನಮ್ಮತ್ತೆ, ಮತ್ತು ಒಂಬತ್ತನೇ ಕ್ಲಾಸಿನ ಮಗಳು ಬೆನಿಟಾ. ಬಾಗಿಲಲ್ಲಿ ನಿಂತು ಪ್ರಯಾಣದ ಪ್ರಾರ್ಥನೆ ಮಾಡಿದವಳು ನಾನೇ. ರೈಲು, ಬಸ್ಸು, ಅವುಗಳ ಡ್ರೈವರುಗಳು, ಡ್ರೈವರುಗಳ ಹೆಂಡತಿ ಮಕ್ಕಳು, ಎಲ್ಲರನ್ನೂ ದೇವರ ಕೈಗೆ ಒಪ್ಪಿಸುವಷ್ಟರಲ್ಲಿ ಇಪ್ಪತ್ತು ನಿಮಿಷವಾಯಿತು. "ಆಮೆನ್ ಹೇಳೇ ತಾಯಿ, ರೈಲು ಹೋದ ಮೇಲೆ ಯಾರನ್ನ ಒಪ್ಪಿಸ್ತೀಯ?" ಎಂದರು ಅತ್ತೆ.

ಮೆಟ್ಟಿಲಲ್ಲಿ ಎದುರುಮನೆಯ ಆಂಟಿ ಸಿಕ್ಕಿದರು. ಫಾರಿನ್ನಿಗೆ ಹೋಗುತ್ತೇವೆಂದು ನಾನು ಹದಿನೈದು ದಿನದಿಂದ ಊರಿಗೆಲ್ಲ ಡಂಗುರ ಸಾರಿದ್ದೆ. "ದುಬೈ ಯಾ ಸಿಂಗಾಪುರ್?" ಎಂದು ಆಕೆ ಕೇಳಿದರು. "ನೇಪಾಳ್" ಎಂದೆ. "ಅಚ್ಛಾಆಆ" ಎಂದು ಆಕೆ ಎಳೆದ ರಾಗ ಕೆಳಗಿನ ಗೇಟಿನವರೆಗೂ ನಮ್ಮ ಜೊತೆ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಮ್ಮ ಹಾಸಿಗೆ ಕಠ್ಮಂಡುವಿನವರೆಗೆ ಸಾಕಾಗುತ್ತಿತ್ತು.

ನೇಪಾಳವೇ ಏಕೆಂದರೆ ಅದಕ್ಕೊಂದು ಕಾರಣವಿತ್ತು. ಎಂಟು ವರ್ಷಗಳ ಹಿಂದೆ, ಜಯರಾಜ್ ಹವಲ್ದಾರರಾಗಿದ್ದಾಗ, ಅವರನ್ನು ವೈರ್‌ಲೆಸ್ ಕೆಲಸಕ್ಕೆಂದು ಅರುಣಾಚಲದ ಕಡೆ ಒಂದು ಗೂರ್ಖಾ ಪಲಟಣದ ಜೊತೆ ಹಾಕಿದ್ದರು. ಕ್ರಿಸ್ಮಸ್‌ನ ಹಿಂದಿನ ದಿನ ಹಿಮದಲ್ಲಿ ಗಾಡಿ ಜಾರಿ ಕಮರಿಗೆ ಬಿತ್ತು. ಗಾಡಿಯಲ್ಲಿ ಇದ್ದವರು ಇಬ್ಬರೇ, ಇವರು ಮತ್ತು ಡ್ರೈವರ್ ಹರ್ಕ ಬಹಾದೂರ್. ಇವರ ಬಲಗಾಲು ಮೂರು ಕಡೆ ಮುರಿದಿತ್ತು, ಇವತ್ತಿಗೂ ನಡೆಯಲು ಕೋಲು ಬೇಕು. ಹರ್ಕ ಬಹಾದೂರ್ ಇವರನ್ನು ಬೆನ್ನ ಮೇಲೆ ಹೊತ್ತು ಮೂರು ಗಂಟೆ ನಡೆದು ಒಂದು ಸೇನಾ ಠಾಣೆ ಮುಟ್ಟಿಸಿದ. ಆ ಪುಣ್ಯಾತ್ಮ ಇಲ್ಲದಿದ್ದರೆ ನಾನು ಇವತ್ತು ವಿಧವೆ. ಪ್ರತಿ ಕ್ರಿಸ್ಮಸ್‌ಗೂ ನಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ನಾನು ಈ ಸಾಕ್ಷಿ ಹೇಳಿ ಅತ್ತು, ಎಲ್ಲರನ್ನೂ ಅಳಿಸುತ್ತಿದ್ದೆ. ಜಯರಾಜ್ ಮಾತ್ರ ಒಂದು ದಿನವೂ ಎದ್ದು ನಿಂತವರಲ್ಲ, ತಲೆ ತಗ್ಗಿಸಿ ಕೂತಿರುತ್ತಿದ್ದರು. ಗಂಡಸರಿಗೆ ನಾಚಿಕೆ ಎಂದುಕೊಂಡಿದ್ದೆ.

ಹೋದ ಈಸ್ಟರ್ ಹೊತ್ತಿಗೆ ಹರ್ಕ ಬಹಾದೂರನಿಂದ ಹಿಂದಿಯಲ್ಲಿ ಬರೆದ ಒಂದು ಕಾಗದ ಬಂತು. ನಾನೂ ಈಗ ಯೇಸುವಿನ ಮಾರ್ಗ ಹಿಡಿದಿದ್ದೇನೆ, ಪ್ರತಿ ವಾರ ಧುಲಿಖೇಲ್ ಪೇಟೆಯ ಚರ್ಚಿಗೆ ಬೆಟ್ಟದಿಂದ ಇಳಿದು ಬರುತ್ತೇನೆ, ನನ್ನ ಮನಸ್ಸಿನಲ್ಲಿ ಈಗ ಏನೂ ಇಲ್ಲ ಎಂದು ಬರೆದಿದ್ದ. ಹಳ್ಳಿಯ ಹೆಸರಿಲ್ಲ, ಫೋನ್ ನಂಬರಿಲ್ಲ. "ಚರ್ಚ್ ಗೊತ್ತಾಯ್ತಲ್ಲ, ಸಾಕು. ಭಾನುವಾರ ಬೆಳಿಗ್ಗೆ ಹೋಗಿ ಎದುರಿಗೇ ನಿಲ್ಲೋಣ, ಧನ್ಯವಾದ ಹೇಳಿ ಬರೋಣ" ಎಂದು ನಾನು ತೀರ್ಮಾನಿಸಿದೆ. ಜಯರಾಜ್ ಬಹಳ ಹೊತ್ತು ಆ ಕಾಗದವನ್ನೇ ನೋಡಿ "ಹೋಗಲೇಬೇಕು" ಎಂದರು. ಅಲ್ಲಿಂದ ಮುಂದಿನ ಯೋಜನೆಯೆಲ್ಲ ನನ್ನದು. ಶನಿವಾರ ಊರು ಸುತ್ತುವುದು, ಭಾನುವಾರ ಧುಲಿಖೇಲ್, ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ ವಾಪಸ್ಸು.

ಮಂಜಿನಿಂದಾಗಿ ರೈಲು ಗೋರಖ್‌ಪುರಕ್ಕೆ ಏಳು ಗಂಟೆ ತಡವಾಗಿ ಬಂತು. ಅಷ್ಟರಲ್ಲಿ ನಾವು ತಂದಿದ್ದ ಚಪಾತಿ, ಕರ್ಜಿಕಾಯಿ, ಕಲ್‌ಕಲ್ ಎಲ್ಲ ಖಾಲಿ. ಎದುರು ಸೀಟಿನ ಗೋರಖ್‌ಪುರದ ಅಜ್ಜಿಗೂ ನಮ್ಮತ್ತೆಗೂ ಭಾಷೆ ಇಲ್ಲದೆಯೇ ಗಾಢ ಸ್ನೇಹವಾಗಿ, ಇವರ ಕರ್ಜಿಕಾಯಿ ಅಲ್ಲಿಗೂ ಅವರ ಬೆಲ್ಲದ ಎಳ್ಳುಂಡೆ ಇಲ್ಲಿಗೂ ಬಂದಿದ್ದವು. ಅಲ್ಲಿಂದ ಸುನೌಲಿ ಗಡಿಗೆ ನೂರು ಕಿಲೋಮೀಟರು, ಬಸ್ಸಿನಲ್ಲಿ ಮೂರೂವರೆ ಗಂಟೆ. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಅತ್ತೆ ಮಂಕಿ ಕ್ಯಾಪಿನ ಮೇಲೆ ಶಾಲು, ಶಾಲಿನ ಮೇಲೆ ಸೆರಗು ಹೊದ್ದು ಮೂಗು ಮಾತ್ರ ಹೊರಗಿಟ್ಟು ಕೂತಿದ್ದರು.

ಗಡಿಯಲ್ಲಿ ಒಂದು ಕಮಾನು, ಅದರ ಕೆಳಗೆ ರಿಕ್ಷಾ, ಲಾರಿ, ಎಮ್ಮೆ, ಜನ. ವೋಟರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡಿದ್ದೆವು, ಯಾರೂ ಕೇಳಲಿಲ್ಲ. ನಡೆದುಕೊಂಡು ಆಚೆಗೆ ಹೋದೆವು. "ಬಂತಾ ಫಾರಿನ್ನು?" ಎಂದು ಅತ್ತೆ ನಿಂತು ಸುತ್ತ ನೋಡಿದರು. "ಇಲ್ಲೂ ಅದೇ ಧೂಳು, ಅದೇ ಎಮ್ಮೆ." ಬೆನಿಟಾ ಗಡಿಯಾರ ತಿರುಗಿಸುತ್ತಾ, "ಅಜ್ಜಿ, ಯಹಾಂ ಟೈಮ್ ಹದಿನೈದು ಮಿನಿಟ್ ಮುಂದೆ ಇದೆ. ಸೋ ವಿ ಆರ್ ಫಿಫ್ಟೀನ್ ಮಿನಿಟ್ಸ್ ಫಾರಿನ್" ಎಂದಳು. ಅವಳ ಕನ್ನಡ ಯಾವಾಗಲೂ ಹೀಗೆ ಮೂರು ಕಾಲಿನ ಮೇಲೆ ಓಡುತ್ತದೆ. ಅಂದು ವರ್ಷದ ಕೊನೆಯ ದಿನ. ಊರಲ್ಲಾಗಿದ್ದರೆ ನಡುರಾತ್ರಿಯ ಆರಾಧನೆ ಇರುತ್ತಿತ್ತು. ಲಾಡ್ಜಿನಲ್ಲಿ ಕರೆಂಟಿರಲಿಲ್ಲ, ಆ ಚಳಿಗಾಲ ನೇಪಾಳದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟ್ ತೆಗೆಯುತ್ತಿದ್ದರು. ಮೇಣದಬತ್ತಿ ಹಚ್ಚಿ ಎಂಟು ಗಂಟೆಗೇ ಹಾಡಿ, ಪ್ರಾರ್ಥಿಸಿ, ದೇವರು ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ ಎಂದು ಮಲಗಿಬಿಟ್ಟೆವು.

ಹೊಸ ವರ್ಷದ ದಿನವೆಲ್ಲ ಬಸ್ಸಿನಲ್ಲಿ ಕಳೆಯಿತು. ಕಠ್ಮಂಡುವಿಗೆ ಹತ್ತು ಗಂಟೆ. ಮಧ್ಯಾಹ್ನದಿಂದ ರಸ್ತೆ ತ್ರಿಶೂಲಿ ನದಿಯ ಪಕ್ಕದಲ್ಲೇ ಸುತ್ತಿಕೊಂಡು ಹತ್ತಿತು, ಪಕ್ಕದಲ್ಲಿ ಹಸಿರು ನೀರು, ತಿರುವಿಗೊಂದು ಕಿತ್ತಳೆ ಗುಡ್ಡೆ. ಊಟಕ್ಕೆ ನಿಲ್ಲಿಸಿದ ಕಡೆ ಅನ್ನ, ಬೇಳೆ, ಸಾಸಿವೆ ಸೊಪ್ಪಿನ ಪಲ್ಯ, ಮೂಲಂಗಿ ಉಪ್ಪಿನಕಾಯಿ. ಅನ್ನ ಕೇಳಿದಷ್ಟೂ ಬಡಿಸುತ್ತಿದ್ದರು. ದೆಹಲಿಯ ರೊಟ್ಟಿಯಿಂದ ಬೇಸತ್ತಿದ್ದ ನಮ್ಮತ್ತೆ ಮೂರು ಸಲ ಹಾಕಿಸಿಕೊಂಡು, "ಇದಪ್ಪಾ ಫಾರಿನ್ನು" ಎಂದು ಕೈ ತೊಳೆದರು. ಡ್ರೈವರ್ ತಿರುವುಗಳಲ್ಲಿ ಓಡಿಸುತ್ತಿದ್ದ ರೀತಿಗೆ ಜಯರಾಜ್ ಮುಂದಿನ ಸೀಟಿನ ಕಂಬಿ ಬಿಡಲೇ ಇಲ್ಲ, ಕಮರಿಯ ಕಡೆ ನೋಡಲೂ ಇಲ್ಲ.

ಶನಿವಾರ ಬೆಳಿಗ್ಗೆ ಹೋಟೆಲಿನ ಹಿಂದಿನ ಗಲ್ಲಿಯಿಂದ ಗಿಟಾರು, ಮದ್ದಳೆ, ಚಪ್ಪಾಳೆ ಕೇಳಿಸಿತು. ಅತ್ತೆ ಕಿವಿಗೊಟ್ಟು, "ನಮ್ಮೋರ ಹಾಡಿದ್ದಂಗೆ ಇದೆಯಲ್ಲೇ" ಎಂದರು. "ನಾಳೆಯ ಆರಾಧನೆಗೆ ಕ್ವಾಯರ್ ಪ್ರಾಕ್ಟೀಸು ಮಾಡ್ತಿದ್ದಾರೆ" ಎಂದೆ ನಾನು, ಸರ್ವಜ್ಞೆಯ ಹಾಗೆ. "ಎಷ್ಟು ಭಕ್ತಿ ನೋಡಿ, ಬೆಳಿಗ್ಗೆ ಹತ್ತಕ್ಕೇ ಶುರು ಮಾಡಿದ್ದಾರೆ!" ಅರ್ಧದಷ್ಟು ಅಂಗಡಿ, ಆಫೀಸುಗಳೆಲ್ಲ ಮುಚ್ಚಿದ್ದವು. ಏನೋ ಹಬ್ಬವಿರಬೇಕೆಂದುಕೊಂಡೆ. ಭಾನುವಾರ ಒಂದು ಸೂಜಿಯನ್ನೂ ಕೊಳ್ಳಬಾರದೆನ್ನುವುದು ಅತ್ತೆಯ ಕಟ್ಟಳೆ. ಹಾಗಾಗಿ ಹರ್ಕ ಬಹಾದೂರನ ಮನೆಯವರಿಗೆ ಸ್ವೆಟರು, ಶಾಲು, ಬಿಸ್ಕತ್ತು ಎಲ್ಲವನ್ನೂ ಅವತ್ತೇ, ತೆರೆದಿದ್ದ ಅಂಗಡಿ ಹುಡುಕಿ ಹುಡುಕಿ ಕೊಂಡೆವು. ನಮ್ಮ ನೂರಕ್ಕೆ ಅಲ್ಲಿನ ನೂರ ಅರವತ್ತು. ಬೆನಿಟಾ ಇದ್ದಕ್ಕಿದ್ದಂತೆ ಶ್ರೀಮಂತಳಾದವಳಂತೆ ಎರಡು ಟೋಪಿ ಕೊಂಡಳು.

ಭಾನುವಾರ ಏಳಕ್ಕೇ ಒಳ್ಳೆಯ ಬಟ್ಟೆ ಹಾಕಿಕೊಂಡು ಧುಲಿಖೇಲ್ ಬಸ್ಸು ಹಿಡಿದೆವು. ಅತ್ತೆ ಬಿಳಿ ಸೀರೆ ಉಟ್ಟು, ಬೈಬಲನ್ನು ಎದೆಗವಚಿಕೊಂಡಿದ್ದರು. ಜಯರಾಜ್ ಹಳೆಯ ಪಲಟಣದ ಟೈ ಕಟ್ಟಿದ್ದರು. ಬಸ್ಸಿನ ತುಂಬ ಫೈಲು ಹಿಡಿದ ಗುಮಾಸ್ತರು, ಯೂನಿಫಾರಂ ಹಾಕಿದ ಶಾಲೆ ಮಕ್ಕಳು. "ಮಮ್ಮಿ, ಸಂಡೇ ಕೋ ಸ್ಕೂಲ್?" ಎಂದಳು ಬೆನಿಟಾ. "ಸ್ಪೆಷಲ್ ಕ್ಲಾಸ್ ಇರಬೇಕು, ನೋಡಿ ಕಲಿ" ಎಂದೆ. ಒಂದೂವರೆ ಗಂಟೆಯ ದಾರಿ. ಧುಲಿಖೇಲ್‌ನಲ್ಲಿ ಇಳಿದಾಗ ಉತ್ತರಕ್ಕೆ ಹಿಮದ ಬೆಟ್ಟಗಳ ಸಾಲು ಇಡೀ ಆಕಾಶದುದ್ದಕ್ಕೂ ಕಾಣುತ್ತಿತ್ತು. ನಾನು ರಸ್ತೆಯಲ್ಲೇ ನಿಂತು ಸ್ತೋತ್ರ ಹೇಳಿದೆ.

ಚರ್ಚು ಸಾಸಿವೆ ಹೊಲದ ಆಚೆ ಇತ್ತು. ತಗಡಿನ ಮಾಡು, ನೀಲಿ ಬಣ್ಣದ ಗೋಡೆ, ಬಾಗಿಲಿಗೆ ದೊಡ್ಡ ಬೀಗ. ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಸೊಪ್ಪು ಒಣಗಿಸುತ್ತಿದ್ದರು. ಚರ್ಚಿನ ಬೀಗದ ಕೈ ಅವರ ಸೊಂಟದಲ್ಲೇ ಇತ್ತು. "ಜಯ ಮಸೀಹ" ಎಂದು ಕೈ ಮುಗಿದರು.

"ಜಯ ಮಸೀಹ ದೀದಿ. ಆರಾಧನೆ ಎಷ್ಟು ಗಂಟೆಗೆ?" ಎಂದು ಹಿಂದಿಯಲ್ಲಿ ಕೇಳಿದೆ.

"ಅದು ನಿನ್ನೆ ಆಗಿಹೋಯಿತಲ್ಲ."

"ನಿನ್ನೆ? ಇವತ್ತು ಭಾನುವಾರ ದೀದಿ!"

"ಹೌದು, ಇವತ್ತು ಭಾನುವಾರ. ಇಲ್ಲಿ ರಜೆ ಶನಿವಾರ. ಎಲ್ಲ ಚರ್ಚೂ ಶನಿವಾರವೇ."

ಗಲ್ಲಿಯ ಹಾಡು, ಮುಚ್ಚಿದ ಅಂಗಡಿ, ಶಾಲೆಯ ಮಕ್ಕಳು, ಒಂದೊಂದೇ ನೆನಪಾಗಿ ಮುಖಕ್ಕೆ ಹೊಡೆದಂತಾಯಿತು. ಹರ್ಕ ಬಹಾದೂರ್ ಬಂದಿದ್ದರಾ ಎಂದು ಕೇಳಿದೆ. ನಿನ್ನೆ ಬಂದಿದ್ದ, ಹೆಂಡತಿಯ ಜೊತೆ ಕೂತು ಹಾಡಿ, ಊಟ ಮಾಡಿಕೊಂಡು ಬೆಟ್ಟ ಹತ್ತಿ ಹೋದನಂತೆ. ಹಳ್ಳಿಗೆ ಮೋಟಾರು ರಸ್ತೆಯಿಲ್ಲ. ನಡೆದರೆ ಎರಡು ಗಂಟೆ. "ನಮ್ಮ ಎರಡು ಗಂಟೆ" ಎಂದು ದೀದಿ ಜಯರಾಜರ ಕೋಲು ನೋಡಿ ಮೆಲ್ಲಗೆ ಸೇರಿಸಿದರು. ಅತ್ತೆ ಬೈಬಲ್ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ" ಎಂದರು. ನಾನು ಬಿದ್ದಿದ್ದೆ, ನಿಜ.

ದೀದಿ ಒಳ್ಳೆಯವರು. ಆ ಹಳ್ಳಿಯ ಅಂಗಡಿಯಲ್ಲಿ ಒಂದು ಫೋನಿದೆಯೆಂದು ತಮ್ಮ ಮೊಬೈಲಿನಿಂದಲೇ ಹಚ್ಚಿ, ದಿಲ್ಲಿಯಿಂದ ಜಯರಾಜ್ ಸಾಬ್ ಸಂಸಾರ ಸಮೇತ ಬಂದಿದ್ದಾರೆ, ಹರ್ಕನಿಗೆ ತಿಳಿಸಿ ಎಂದರು. ಚಹಾ ಕೊಟ್ಟರು. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ಕೇಳಿಸಿಕೊಂಡ ದೀದಿಯ ಮುಖ ಸಣ್ಣಗಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. "ಹರ್ಕ ಮನೆಯಲ್ಲಿಲ್ಲ ಅಂತ ಹೇಳಬೇಕಂತೆ. ಹರ್ಕನೇ ಹೇಳಿಕಳಿಸಿದ್ದಾನೆ."

ನನಗೆ ಉರಿದುಹೋಯಿತು. "ಎಂಥ ಮನುಷ್ಯ ರೀ! ದೇಶ ದಾಟಿ ಧನ್ಯವಾದ ಹೇಳೋಕೆ ಬಂದರೆ ಮನೆಯಲ್ಲಿಲ್ಲ ಅಂತಾನೆ!"

"ಸುಗುಣಾ," ಎಂದರು ಜಯರಾಜ್, "ನಾನು ಧನ್ಯವಾದ ಹೇಳೋಕೆ ಬಂದಿಲ್ಲ."

ಆ ಬೀಗ ಹಾಕಿದ ಬಾಗಿಲ ಮುಂದೆ ಅವರು ಹೇಳಿದ್ದನ್ನು ಹದಿನಾರು ವರ್ಷದ ಸಂಸಾರದಲ್ಲಿ ನಾನು ಕೇಳಿರಲಿಲ್ಲ. ಆವತ್ತು ಹಿಮ ಬೀಳುತ್ತಿತ್ತು. ಈಗ ಹೊರಡುವುದು ಬೇಡ, ಬೆಳಗಾಗಲಿ ಎಂದು ಹರ್ಕ ಬಹಾದೂರ್ ಎರಡು ಸಲ ಹೇಳಿದ್ದ. ಕ್ರಿಸ್ಮಸ್ ಆರಾಧನೆ ತಪ್ಪಬಾರದೆಂದು ಇವರೇ ಹೊರಡು ಎಂದು ಹುಕುಂ ಮಾಡಿದ್ದರು. ಆಸ್ಪತ್ರೆಯಲ್ಲಿ ವಿಚಾರಣೆಗೆ ಬಂದ ಅಧಿಕಾರಿ, "ಹೊರಡಲು ನೀವು ಹೇಳಿದಿರಾ, ಅವನೇ ಹೊರಟನಾ?" ಎಂದು ಕೇಳಿದ. ಇವರು ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದದ್ದೇ ಉತ್ತರವಾಯಿತು. ಹರ್ಕ ಬಹಾದೂರನ ಮೇಲೆ ತಪ್ಪು ಬಿದ್ದು ಅವನನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದರು.

"ನೀನು ಪ್ರತಿ ವರ್ಷ ಎದ್ದು ಸ್ತೋತ್ರ ಹೇಳುವಾಗ ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸ್ತಿತ್ತು" ಎಂದರು.

ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅವರ ಮೇಲೆ ಅಯ್ಯೋ ಅನ್ನಿಸಿತು, ಎಲ್ಲ ಒಟ್ಟಿಗೇ. ಅಷ್ಟು ವರ್ಷ ಅವನ ಬೆನ್ನನ್ನು ಹೊಗಳಿ ಹೊಗಳಿ, ಅವನ ಪಾಡೇನಾಯಿತೆಂದು ಒಂದು ದಿನವಾದರೂ ಕೇಳಿದ್ದೆನೇ? ಅತ್ತೆ ಮಾತ್ರ ಮಗನನ್ನು ಒಂದು ಗಳಿಗೆ ನೋಡಿ, "ಹಾಗಿದ್ದ ಮೇಲೆ ಇಲ್ಲಿ ಯಾಕೋ ಕೂತಿದ್ದೀಯ? ನಡಿ, ಬೆಟ್ಟ ಹತ್ತು" ಎಂದರು. ಅವರು ದೀದಿಯ ಜೊತೆ ಸೊಪ್ಪು ಬಿಡಿಸುತ್ತಾ ಉಳಿದರು. ಆ ಭಾನುವಾರ ಅತ್ತೆ ಆರಾಧನೆಯಿಲ್ಲದೆ ಕಳೆದರು, ಅದೇ ಮೊದಲು.

ಹೊಲಗಳ ಅಂಚಿನಲ್ಲಿ ಕಲ್ಲು ಮೆಟ್ಟಿಲ ದಾರಿ. ಜಯರಾಜರ ಬಲಗಾಲಿನಲ್ಲಿ ಮೊಣಕಾಲಿನಿಂದ ಕೆಳಗೆ ಸ್ಟೀಲ್ ಕಂಬಿಯಿದೆ, ಮೆಟ್ಟಿಲಿಗೆ ಕಾಲು ಸರಿಯಾಗಿ ಬಗ್ಗುವುದಿಲ್ಲ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆವು. ಬೆನಿಟಾ ಅಪ್ಪನ ಒಂದು ಕೈ ಹಿಡಿದಿದ್ದಳು, ಸ್ವೆಟರುಗಳ ಚೀಲ ನನ್ನ ಹೆಗಲಿಗೆ. "ಪಪ್ಪಾ, ನೀವು ಸುಳ್ಳು ಹೇಳಿದ್ರಾ?" ಎಂದು ಅವಳು ನೇರವಾಗಿ ಕೇಳಿದಳು. "ಸುಳ್ಳು ಹೇಳಲಿಲ್ಲ. ನಿಜ ಹೇಳಲಿಲ್ಲ" ಎಂದರು ಜಯರಾಜ್. "ದಟ್ಸ್ ದ ಸೇಮ್ ಪಪ್ಪಾ" ಎಂದಳು, ಆದರೆ ಹಿಡಿದ ಕೈ ಬಿಡಲಿಲ್ಲ. ಎರಡು ಗಂಟೆ ಹತ್ತಿದಾಗ ಅರ್ಧ ದಾರಿ ಆಗಿತ್ತು. ಅಲ್ಲಿ ಅರಳಿಮರದ ಸುತ್ತ ಕಟ್ಟಿದ ಕಲ್ಲಿನ ಕಟ್ಟೆ, ಹೊರೆ ಹೊತ್ತವರು ದಣಿವಾರಿಸಿಕೊಳ್ಳುವ ಜಾಗ. ಅದರ ಮೇಲೆ ಬೂದು ಕೋಟಿನ ಗಿಡ್ಡ ಮನುಷ್ಯನೊಬ್ಬ ಮೊಣಕಾಲ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದ. ಜಯರಾಜ್ ಹಾಗೆಯೇ ನಿಂತುಬಿಟ್ಟರು.

"ಗುರುಜಿ" ಎಂದ ಅವನು. ಗೂರ್ಖಾ ಪಲಟಣದಲ್ಲಿ ಹವಲ್ದಾರರನ್ನು ಹಾಗೆ ಕರೆಯುತ್ತಾರೆ. ಎದ್ದು ನಿಂತ, ಆದರೆ ಸೆಲ್ಯೂಟ್ ಹೊಡೆಯಲಿಲ್ಲ.

"ಹರ್ಕ, ಹೊರಡು ಅಂತ ನಾನು ಹೇಳಿದ್ದೆ" ಎಂದರು ಜಯರಾಜ್, ಉಸಿರು ಕೂಡ ಸುಧಾರಿಸಿಕೊಳ್ಳದೆ. "ಸಾಹೇಬರು ಕೇಳಿದಾಗ ನಾನು ಸುಮ್ಮನಿದ್ದೆ."

"ಗೊತ್ತು. ನಾನು ಪರದೆಯ ಈಚೆಯೇ ನಿಂತಿದ್ದೆ. ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದೆ. ಎಲ್ಲ ಕೇಳಿಸಿತು."

ಎಂಟು ವರ್ಷ ಇವನಿಗೆ ಗೊತ್ತಿತ್ತು! ನಾನು ಕಟ್ಟೆಯ ಅಂಚಿಗೆ ಕೂತೆ. ಹರ್ಕ ಬಹಾದೂರ್ ನಿಧಾನವಾಗಿ ಹೇಳಿದ. "ಕಾಗದದಲ್ಲಿ ಕ್ಷಮಿಸುವುದು ಸುಲಭ ಗುರುಜಿ. ಇವತ್ತು ಅಂಗಡಿಯವನು ಬಂದು ಹೇಳಿದಾಗ ಹೆದರಿಕೆಯಾಯಿತು. ಮುಖ ನೋಡಿದರೆ ಆಗುತ್ತೋ ಇಲ್ಲವೋ ಅಂತ. ಇಲ್ಲ ಅಂತ ಹೇಳಿಕಳಿಸಿದೆ. ಆಮೇಲೆ ಕಾಲು ಕೇಳಲಿಲ್ಲ, ಇಲ್ಲಿವರೆಗೆ ಬಂದೆ. ಇಲ್ಲಿಂದ ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಹೋಗಲೂ ಆಗಲಿಲ್ಲ."

"ಈಗ? ಆಗುತ್ತಾ?" ಎಂದರು ಜಯರಾಜ್.

ಹರ್ಕ ಬಹಾದೂರ್ ಅವರ ಮುಖವನ್ನೇ ನೋಡಿದ. ಆಮೇಲೆ ಕಾಲನ್ನೂ ಕೋಲನ್ನೂ ನೋಡಿದ. "ನೋಡ್ತಾ ಇದ್ದೀನಿ," ಎಂದ, "ಮೊದಲು ಕೂತು ತಿನ್ನಿ."

ಗಂಟು ಬಿಚ್ಚಿದ. ಬೇಯಿಸಿದ ಆಲೂಗಡ್ಡೆ, ಎಳ್ಳಿನ ಚಟ್ನಿ, ಆರೇಳು ಕಿತ್ತಳೆ. ಬರುವುದೋ ಬೇಡವೋ ಎಂದು ತಿಳಿಯದವನು ನಾಲ್ಕು ಜನಕ್ಕಾಗುವಷ್ಟು ಕಟ್ಟಿಕೊಂಡು ಬಂದಿದ್ದ. ಊಟಕ್ಕೆ ಮುಂಚೆ ಪ್ರಾರ್ಥಿಸಲು ನನ್ನ ಕಡೆ ನೋಡಿದರು. ಇಪ್ಪತ್ತು ನಿಮಿಷದ ಪ್ರಾರ್ಥನೆಗಾರ್ತಿಗೆ ಅಂದು "ಸ್ವಾಮೀ, ಸ್ತೋತ್ರ" ಎನ್ನುವುದರಾಚೆ ಒಂದು ಪದ ಹೊರಡಲಿಲ್ಲ. ಹಸಿವು ಜೋರಾಗಿತ್ತು, ಆಲೂಗಡ್ಡೆ ಇನ್ನೂ ಬೆಚ್ಚಗಿತ್ತು. ಬೆನಿಟಾ ನಾಲ್ಕು ತಿಂದಳು. ಅವಳ ಹಿಂದಿಗೂ ಅವನ ಹಿಂದಿಗೂ ಚೆನ್ನಾಗಿ ಕೂಡಿಬಂದು, ಪಪ್ಪಾ ಪಲಟಣದಲ್ಲಿ ಹೇಗಿದ್ದರು ಎಂದು ಕೇಳಿದಳು. "ಹಾಡುತ್ತಿದ್ದರು. ಕೇಳುವವರು ಓಡುತ್ತಿದ್ದರು" ಎಂದ ಹರ್ಕ ಬಹಾದೂರ್. ಆಗ ಇಬ್ಬರೂ ನಕ್ಕರು.

ತಿಂದು ಮುಗಿದ ಮೇಲೆ ಜಯರಾಜ್, "ದಿಲ್ಲಿಗೆ ಹೋದ ತಕ್ಷಣ ಪಲಟಣದ ಆಫೀಸಿಗೆ ಎಲ್ಲ ಬರೀತೀನಿ" ಎಂದರು.

"ಆಫೀಸಿಗೆ ಆಮೇಲೆ ಬರೆಯಿರಿ. ಮೊದಲು ನನಗೆ ಬರೆದುಕೊಡಿ." ಹರ್ಕ ಬಹಾದೂರ್ ಕಿತ್ತಳೆ ಸಿಪ್ಪೆ ಒಟ್ಟುಮಾಡುತ್ತಾ ಹೇಳಿದ. "ನಾನು ಕುಡಿದು ಗಾಡಿ ಬೀಳಿಸಿದೆ ಅಂತ ಊರಲ್ಲಿ ಅಂದುಕೊಂಡಿದ್ದಾರೆ. ಮಗ ಶಾಲೆಯಲ್ಲಿ ಎರಡು ಸಲ ಹೊಡೆದಾಡಿ ಬಂದ. ಅವನಿಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ."

ಬೆನಿಟಾ ತನ್ನ ಚೀಲದಲ್ಲಿದ್ದ ಡ್ರಾಯಿಂಗ್ ಪುಸ್ತಕದಿಂದ ಹಾಳೆ ಹರಿದುಕೊಟ್ಟಳು. ಜಯರಾಜ್ ಕಟ್ಟೆಯ ಮೇಲೆ ಬಗ್ಗಿ ಹಿಂದಿಯಲ್ಲಿ ಬರೆದರು. ಹಿಮ ಬೀಳುತ್ತಿತ್ತು, ಡ್ರೈವರ್ ಎರಡು ಸಲ ಬೇಡವೆಂದ, ಹುಕುಂ ನನ್ನದು, ತಪ್ಪು ನನ್ನದು, ಅವನು ಕುಡಿದಿರಲಿಲ್ಲ, ಅವನ ಒಂದು ಕೈ ಮುರಿದಿತ್ತು, ಆದರೂ ನನ್ನನ್ನು ಹೊತ್ತು ತಂದ. ಕೆಳಗೆ ನಂಬರು, ದರ್ಜೆ, ಹೆಸರು, ಸಹಿ. "ತಾರೀಕು ಹಾಕಿ ಗುರುಜಿ" ಎಂದ ಹರ್ಕ ಬಹಾದೂರ್. ಹಾಕಿದರು. ಕೈ ಮುರಿದಿದ್ದದ್ದು ನನಗೆ ಆ ಹಾಳೆಯಿಂದಲೇ ತಿಳಿಯಿತು.

ಬೆಳಕಿರುವಾಗಲೇ ಕೆಳಗಿಳಿಯಬೇಕಿತ್ತು. ಸ್ವೆಟರುಗಳ ಚೀಲ ಅವನ ಕೈಗೆ ಕೊಟ್ಟೆ. ಅವನು ಜಯರಾಜರನ್ನು ಅಪ್ಪಿಕೊಳ್ಳಲಿಲ್ಲ, ಇವರೂ ಅಪ್ಪಿಕೊಳ್ಳಲಿಲ್ಲ. ಕೈ ಕುಲುಕಿದರು, ಬಹಳ ಹೊತ್ತು ಬಿಡಲಿಲ್ಲ. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು, ಆದರೂ ಜಯರಾಜ್ ಗುನುಗುತ್ತಿದ್ದರು. ರಾಗ ನಿಜಕ್ಕೂ ಎಲ್ಲೆಲ್ಲಿಗೋ ಹೋಗುತ್ತಿತ್ತು.

ಕೆಳಗಿನ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆವು. ಬೆನ್ನ ಮೇಲೆ ಬುಟ್ಟಿ ಹೊತ್ತ ಒಬ್ಬ ಮುದುಕ ಮೇಲಿನಿಂದ ಇಳಿದು ಬರುತ್ತಿದ್ದ. ಹರ್ಕ ಬಹಾದೂರ್ ಅವನನ್ನು ಕಟ್ಟೆಯ ಹತ್ತಿರ ನಿಲ್ಲಿಸಿ, ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಜಯರಾಜರ ಹೆಸರು ಬೆಟ್ಟದಲ್ಲಿ ನಮಗೂ ಕೇಳಿಸಿತು. ನಾನು ಗಂಡನ ಮುಖ ನೋಡಿದೆ.

"ಓದಲಿ" ಎಂದರು.